ಕೆಳಗೆ ನಿಲ್ಲೋನು ಯಾರು?

ಅಕ್ಕನ ಅಂಗೈಯ ಗೆರೆಗಳೆಲ್ಲ ಕಪ್ಪಾಗಿದ್ದವು. ಸೀಗೆಪುಡಿಗೂ ಬೂದಿಗೂ ಸೀಮೆಎಣ್ಣೆಗೂ ಬಗ್ಗದ ಗ್ರೀಸು ಅದು. ಆ ಕೈ ಬಿಳಿ ಅಕ್ಕಿಹಿಟ್ಟಿನ ಮೇಲೆ ಬಿದ್ದು ರೊಟ್ಟಿ ತಟ್ಟುವುದನ್ನು ಮೊದಲ ಸಲ ಕಂಡಾಗ ನಾನು ಊಟ ಬೇಡವೆಂದೆ. "ಹೊಟ್ಟೆಗೇನೂ ಹತ್ತಲ್ಲ ಮಾರಾಯ, ತಿನ್ನು" ಎಂದರು. ತಿಂದೆ. ಆಮೇಲೆ ಎಷ್ಟೋ ವರ್ಷ ಅದೇ ಕೈಯ ಅಡುಗೆ ಉಂಡೆ.

ಅವರು ನನಗೆ ಸಂಬಂಧವಲ್ಲ. ಭದ್ರಾವತಿಯ ಹಳೇ ಊರಿನಲ್ಲಿ ಎಲ್ಲರಿಗೂ ಅಕ್ಕ, ಹಾಗೆ ನನಗೂ ಅಕ್ಕ. ನಾನಾಗ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಹಳೇ ಕಬ್ಬಿಣ, ಗೋಣಿಚೀಲ ಕೊಂಡು ಮಾರುತ್ತಿದ್ದ ದಲ್ಲಾಳಿ. ಸಾವಾದ ಮನೆಯಲ್ಲಿ ಸಾಮಾನು ಸೋವಿಗೆ ಸಿಗುತ್ತದೆ ಎಂಬುದು ಆ ವ್ಯಾಪಾರದ ಮೊದಲ ಪಾಠ. ಅದೇ ಲೆಕ್ಕದಲ್ಲಿ ಅವರ ಮನೆಗೆ ಹೋಗಿದ್ದೆ.

ಅಕ್ಕನ ಗಂಡ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಖಲಾಸಿ ಮೇಸ್ತ್ರಿ, ಎಂದರೆ ಭಾರದ ಯಂತ್ರಗಳನ್ನು ಎತ್ತಿ ಕೂರಿಸುವ ಗುಂಪಿನ ಯಜಮಾನ. ಕಾರ್ಖಾನೆಯ ರಜೆಯ ದಿನಗಳಲ್ಲಿ ಹೊರಗಿನ ಗಿರಣಿಗಳಿಗೂ ಹೋಗುತ್ತಿದ್ದರು. ಅದಕ್ಕೆಂದೇ ಸ್ವಂತ ದುಡ್ಡಿನಲ್ಲಿ ಒಂದು ಚೈನ್ ಬ್ಲಾಕ್ ಕೊಂಡಿದ್ದರು. ಹತ್ತು ಜನ ಅಲುಗಿಸಲಾರದ ಎಂಜಿನ್ನನ್ನು ಒಬ್ಬನೇ ಸರಪಳಿ ಎಳೆದು ಮೇಲೆತ್ತುವ ಸಾಮಾನು ಅದು. ಜೊತೆಗೆ ಜಾಕಿಗಳು, ಬೇರಿಂಗ್ ಕೀಳುವ ಪುಲ್ಲರ್, ಪೈಪಿನ ತುದಿಗೆ ತಿರುಪಿನ ಗೆರೆ ಕೊರೆಯುವ ಡೈಗಳು. ಒಂದು ಅಕ್ಕಿ ಗಿರಣಿಯವರು "ಸರಪಳಿ ನಮ್ಮಲ್ಲೇ ಇದೆ, ಹೊತ್ಕೊಂಡು ಬರೋದು ಬೇಡ" ಎಂದರಂತೆ. ಬರಿಗೈಯಲ್ಲಿ ಹೋದರು. ಗಿರಣಿಯ ಸರಪಳಿ ಕಡಿದು ಎಂಜಿನ್ ಅವರ ಮೇಲೆ ಬಿತ್ತು. ಒಳ್ಳೆಯ ಸರಪಳಿ ಮನೆಯ ಮೂಲೆಯಲ್ಲಿತ್ತು. ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಆ ಸಾಮಾನಿನ ರಾಶಿಯೊಂದಿಗೆ ಅಕ್ಕ ಹಳೇ ಊರಿನ ಬಾಡಿಗೆ ಮನೆಗೆ ಬಂದರು.

"ಎಲ್ಲಾ ಸೇರಿಸಿ ತೂಕಕ್ಕೆ ಹಾಕ್ಲಾ ಅಕ್ಕ?" ಎಂದೆ.

"ತೂಕಕ್ಕೆ ನಿನ್ನನ್ನ ಹಾಕು. ಶಿವಮೊಗ್ಗದಲ್ಲಿ ಇಂಥವು ಯಾರ ಹತ್ರ ಇದಾವೆ?"

"ಯಾರ ಹತ್ರಾನೂ ಇಲ್ಲ."

"ಬೇಕಾಗೋದು ಯಾರಿಗೆ?"

"ಗಿರಣಿಯೋರು, ಬಸ್ಸಿನೋರು ಎಲ್ರಿಗೂ ಬೇಕು. ಆದ್ರೆ ವರ್ಷಕ್ಕೊಂದ್ಸಲ."

"ಹಂಗಾದ್ರೆ ಯಾಕೋ ಮಾರ್ಲಿ?"

ಆ ಪ್ರಶ್ನೆಯ ಮೇಲೆಯೇ ನಮ್ಮ ಬಾಡಿಗೆ ವ್ಯಾಪಾರ ಶುರುವಾಯಿತು. ಸಾಮಾನು ಅವರದು, ಗಿರಾಕಿ ಹುಡುಕುವುದು ನನ್ನ ಪಾಲು.

ವ್ಯಾಪಾರಕ್ಕಿಳಿಯುವವರಿಗೆ ಒಂದು ಮಾತು ಹೇಳಬೇಕು. ಬಾಡಿಗೆಗೆ ಕೊಡುವುದು ಸುಲಭ, ಹೇಗೆ ಕೊಡಬೇಕು ಎಂದು ಕಟ್ಟಳೆ ಮಾಡುವುದು ಕಷ್ಟ. ನಾನು ದಿನದ ಲೆಕ್ಕ ಎಂದೆ. ಸೈಕಲ್ ಶಾಪಿನವರು ಗಂಟೆ ಲೆಕ್ಕದಲ್ಲಿ ಕೊಡುತ್ತಾರಲ್ಲ, ಅದೇ ನನ್ನ ಬುದ್ಧಿಗೆ ಹೊಳೆದದ್ದು. ಅಕ್ಕ ಒಪ್ಪಲಿಲ್ಲ. "ದಿನದ ಲೆಕ್ಕ ಹಾಕಿದ್ರೆ ಸಾಹುಕಾರ ಬೇಗ ಬೇಗ ಅಂತಾನೆ. ಬೇಗ ಅಂದಲ್ಲೇ ಕೈಕಾಲು ಹೋಗೋದು. ಒಂದು ಕೆಲಸಕ್ಕೆ ಇಷ್ಟು ಅಂತ ಹೇಳು. ನಿಧಾನಕ್ಕೆ ಮಾಡ್ಕೊಳ್ಲಿ."

ಅಡ್ವಾನ್ಸ್ ಎಂದು ಹಣ ತೆಗೆದುಕೊಳ್ಳುವುದೂ ಬೇಡವೆಂದರು. ಹಣದ ಬದಲು, ಯಾವುದಿಲ್ಲದೆ ಗಿರಾಕಿಯ ಮಾಮೂಲಿ ಕೆಲಸ ನಡೆಯುವುದಿಲ್ಲವೋ ಅದನ್ನು ಒತ್ತೆ ಇಡಬೇಕು. ಜಾಕಿ ಕೇಳಿ ಬಂದ ಬಸ್ ಮಾಲೀಕನ ಹತ್ತಿರ ಇನ್ನೊಂದು ಬಸ್ಸಿನ ಹ್ಯಾಂಡಲ್ ಕೇಳಿದರು.

"ಹ್ಯಾಂಡಲ್ ಇಲ್ದೆ ಬಸ್ ಹೆಂಗೆ ಸ್ಟಾರ್ಟ್ ಮಾಡ್ಲಿ ಮಾರಾಯ್ತಿ?"

"ಅದಕ್ಕೇ ಕೇಳಿದ್ದು. ಸಂಜೆಗೆ ಜಾಕಿ ತಂದ್ಬಿಡ್ತೀರಿ ನೋಡಿ."

ತಂದ. ಯಂತ್ರದ ವಿಷಯ ಅಕ್ಕನಿಗೆ ಅಷ್ಟಕ್ಕಷ್ಟೆ. ಬೇರಿಂಗಿನ ನಂಬರು ಕೇಳಿದರೆ ನನ್ನ ಮುಖ ನೋಡುತ್ತಿದ್ದರು. ಮನುಷ್ಯರು ಯಾವುದಕ್ಕೆ ಬಗ್ಗುತ್ತಾರೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು.

ಚೈನ್ ಬ್ಲಾಕಿಗೆ ಮಾತ್ರ ಬೇರೆಯೇ ಕಟ್ಟಳೆ. ಯಾವ ಸಾಹುಕಾರ ಬಂದರೂ ಮೊದಲ ಪ್ರಶ್ನೆ, "ಕೆಳಗೆ ನಿಲ್ಲೋನು ಯಾರು?" ಭಾರ ಮೇಲೇರಿದಾಗ ಅದರಡಿ ಕೈ ಹಾಕುವ ಆಳು ಖುದ್ದಾಗಿ ಬರಬೇಕು. ಹಿತ್ತಲ ಮಾವಿನ ಕೊಂಬೆಗೆ ತೂಗುಹಾಕಿದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಮುಟ್ಟಿ ನೋಡಬೇಕು. ಅವನು ಸರಿ ಎಂದರೆ ಸಾಮಾನು ಹೊರಡುತ್ತದೆ, ಇಲ್ಲವೆಂದರೆ ಎಷ್ಟು ಬಾಡಿಗೆ ಕೊಟ್ಟರೂ ಇಲ್ಲ. "ನಮ್ಮನೆಯವರನ್ನ ಯಾರೂ ಒಂದು ಮಾತು ಕೇಳ್ಲಿಲ್ಲ ತಮ್ಮಾ" ಎಂದಿದ್ದರು, ಒಂದೇ ಒಂದು ಸಲ. ತಮ್ಮ ಸರಪಳಿಯ ಕೆಳಗೆ ಯಾರೂ ಸಾಯಬಾರದು. ಅವರ ಬದುಕಿನಲ್ಲಿ ಉಳಿದಿದ್ದ ಹಟ ಅದೊಂದೇ.

ಈ ಕಟ್ಟಳೆಯಿಂದ ಗಿರಾಕಿ ಓಡಿಹೋಗುತ್ತಾರೆಂದು ನಾನು ಜಗಳ ಮಾಡಿದ್ದೆ. ಆದದ್ದು ತಿರುಗಾಮುರುಗಾ. ಅಕ್ಕನ ಸರಪಳಿ ಎಂದರೆ ಆಳುಗಳು ಧೈರ್ಯವಾಗಿ ಕೆಲಸಕ್ಕೆ ಬರುತ್ತಿದ್ದರು, ಹಾಗಾಗಿ ಮಾಲೀಕರೂ ಬಂದರು. ಶಿವಮೊಗ್ಗದಿಂದ ಲಾರಿಯಲ್ಲಿ ಆಳನ್ನು ಕೂರಿಸಿಕೊಂಡು ಬರುತ್ತಿದ್ದರು. ಮೊದಮೊದಲು ಅಕ್ಕನೂ ಒಂದು ಸಲ ಸರಪಳಿ ತಡವಿ ನೋಡುತ್ತಿದ್ದರು. ಬರಬರುತ್ತಾ ಬಿಟ್ಟರು. "ಕೆಳಗೆ ನಿಲ್ಲೋನ ಬೆರಳಿಗಿಂತ ನನ್ನ ಬೆರಳು ದೊಡ್ಡದಾ?" ಎನ್ನುತ್ತಿದ್ದರು. ಕೇಳುವುದಕ್ಕೆ ಎಷ್ಟು ಚೆಂದದ ಮಾತು! ಸಾವು ಆ ಮಾತಿನ ಸಂದಿಯಿಂದಲೇ ಒಳಗೆ ಬಂತು.

ಮರ ಕೊಯ್ಯುವ ಮಿಲ್ಲಿನವನೊಬ್ಬ ದೊಡ್ಡ ಗಾಲಿ ಎತ್ತಬೇಕೆಂದು ಬಂದ. ಜೊತೆಗೆ ಒಬ್ಬ ತಮಿಳು ಆಳು, ಹೊಸದಾಗಿ ಮದುವೆಯಾದವನು. ಅದಕ್ಕೂ ಮುಂಚೆ ಸರಪಳಿ ಒಯ್ದಿದ್ದ ಯಾರೋ ಅದಕ್ಕೆ ಮೀರಿದ ಭಾರ ಎಳೆದು, ಬಾಯಿ ಬಿಟ್ಟ ಕೊಂಡಿಯನ್ನು ಸುತ್ತಿಗೆಯಿಂದ ಬಡಿದು ಮುಚ್ಚಿ, ಮೇಲೆ ಗ್ರೀಸು ಬಳಿದು ತಂದಿಟ್ಟಿದ್ದರು. ನಮಗೆ ಗೊತ್ತಿರಲಿಲ್ಲ. ಆಳು ಕೊಂಡಿಗಳನ್ನು ತಡವುತ್ತಾ ಬಂದವನು ಒಂದು ಕಡೆ ನಿಂತ.

"ಏನಪ್ಪಾ?" ಎಂದರು ಅಕ್ಕ.

ಅವನು ತಲೆ ಎತ್ತಿದ. ಸಾಹುಕಾರ ಗಡಿಯಾರ ನೋಡುತ್ತಾ, "ಆಯ್ತೇನೋ? ಇಲ್ಲೇ ಸಂಸಾರ ಮಾಡ್ತೀಯಾ?" ಎಂದ.

"ಒಳ್ಳೇದಿದೆ ಅಕ್ಕಾ" ಎಂದ ಆಳು.

ಗಾಲಿ ಅವನ ಸೊಂಟದ ಮೇಲೆ ಬಿತ್ತು. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಅಕ್ಕನನ್ನು ಕರೆದುಕೊಂಡು ಹೋದವನು ನಾನೇ. ಅವನಿಗೆ ಇನ್ನೂ ಮಾತಿತ್ತು. ಹೆಂಡತಿ ಕಾಲ ಬುಡದಲ್ಲಿ ಕೂತಿದ್ದಳು.

"ಅವತ್ತು ಗೊತ್ತಾಗ್ಲಿಲ್ವೇನಪ್ಪಾ?"

"ಗೊತ್ತಾಯ್ತು ಅಕ್ಕಾ. ಒಂದು ಕೊಂಡಿ ಸರಿ ಇರ್ಲಿಲ್ಲ."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಸಾವ್ಕಾರ್ರು ಪಕ್ಕದಲ್ಲೇ ಇದ್ರಲ್ಲಕ್ಕಾ."

ಆ ವಾರವೇ ಅವನು ತೀರಿಕೊಂಡ.

ಅಕ್ಕ ಅಳಲಿಲ್ಲ. ಕಮ್ಮಾರನನ್ನು ಕರೆಸಿ ಸರಪಳಿಯ ಒಂದೊಂದು ಕೊಂಡಿಯನ್ನೂ ಕಡಿಸಿದರು. ಒಳ್ಳೆಯ ಕೊಂಡಿಗಳನ್ನಾದರೂ ಮಾರೋಣವೆಂದು ನಾನು ಬಾಯಿ ತೆರೆದೆ, ಅವರ ಮುಖ ನೋಡಿ ಚೂರುಗಳನ್ನು ಚೀಲಕ್ಕೆ ತುಂಬತೊಡಗಿದೆ. ಎಷ್ಟೋ ದಿನ ಅವರು ಗಿರಾಕಿಗಳಿಗೆ ಬಾಗಿಲು ತೆಗೆಯಲಿಲ್ಲ. ಆ ಹುಡುಗನ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡರು. ಆಕೆ ಮೊದಮೊದಲು ಅಕ್ಕ ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಅಕ್ಕ ತಟ್ಟೆ ಇಟ್ಟು ಎದ್ದು ಹೋಗುತ್ತಿದ್ದರು, ಆಮೇಲೆ ಆಕೆ ಉಣ್ಣುತ್ತಿದ್ದಳು.

ಒಂದು ದಿನ ನನ್ನನ್ನು ಕರೆಸಿದರು. "ತಪ್ಪು ಸರಪಳೀದಲ್ಲ. ಬೇಡ ಅನ್ನೋ ಹಾಗಿಲ್ಲದೋನನ್ನ ನಾನು ಸಾಹುಕಾರನ ಎದುರಿಗೆ ನಿಲ್ಲಿಸಿ ಕೇಳ್ದೆ. ಅದು ಕೇಳಿದ ಹಾಗಾಯ್ತಾ?"

ಹೊಸ ಸರಪಳಿ ಬಂತು, ಹೊಸ ಕಟ್ಟಳೆಯೂ ಬಂತು. ಸಾಹುಕಾರ ಜಗಲಿಯಲ್ಲಿ ಕೂರಬೇಕು, ಅವನಿಗೆ ಕಾಫಿ. ಆಳು ಹಿತ್ತಲಿಗೆ, ಅವನಿಗೂ ಕಾಫಿ. ಮೊದಲು ಅಕ್ಕ ಸರಪಳಿ ತಡವುತ್ತಿದ್ದರು, ಆಮೇಲೆ ಅವನು. ಅವನು ಬೇಡವೆಂದು ತಲೆ ಅಲ್ಲಾಡಿಸಿದರೂ ಸಾಕು, ಅಕ್ಕ ಹೊರಗೆ ಬಂದು, "ನನ್ನ ತಲೆಗಿಷ್ಟು! ಅದನ್ನ ನಿನ್ನೆನೇ ಬೇರೆಯೋರಿಗೆ ಒಪ್ಪಿಕೊಂಡಿದೀನಿ" ಎನ್ನುತ್ತಿದ್ದರು. ಬೈಗುಳ ಅಕ್ಕನಿಗೆ ಬೀಳುತ್ತಿತ್ತು, ಆಳಿನ ಕೂಲಿ ಉಳಿಯುತ್ತಿತ್ತು. "ಈ ಮುದುಕಿಗೆ ಅರಳುಮರಳು" ಎಂದು ಊರೆಲ್ಲ ಆಡಿಕೊಂಡಿತು. ವ್ಯಾಪಾರದಲ್ಲಿ ಹೆಸರು ಕೆಡಿಸಿಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಬುದ್ಧಿ ಹೇಳುವವನು. ಬೇಕೆಂದೇ ಕೆಡಿಸಿಕೊಂಡವರನ್ನು ನೋಡಿದ್ದು ಅವರೊಬ್ಬರನ್ನೇ.

ಕೊನೆಗೆ ಅಕ್ಕ ಹಾಸಿಗೆ ಹಿಡಿದರು. ಸಾಮಾನು ಕೊಡುವ ಕೆಲಸ ನನಗೆ ಬಂತು. ಹಿತ್ತಲಿಂದ ಒಳಗೆ ಬಂದರೆ ಮಲಗಿದಲ್ಲಿಂದಲೇ, "ಕೆಳಗೆ ನಿಲ್ಲೋನು ಏನಂದ?" ಎಂದು ಕೇಳುತ್ತಿದ್ದರು. ಉತ್ತರ ಕೇಳಿದ ಮೇಲೆಯೇ ಕಣ್ಣು ಮುಚ್ಚುತ್ತಿದ್ದರು.

ಅವರು ಹೋದ ಬೆಳಿಗ್ಗೆ, ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ ಒಂದು ಲಾರಿ ಬಂತು. ಸಾವಿನ ಸುದ್ದಿ ತಿಳಿಯದ ಗಿರಣಿಯ ಯಜಮಾನ, ಪಕ್ಕದಲ್ಲಿ ಆಳು. "ಕೊಟ್ಟು ಕಳಿಸಪ್ಪ, ಈ ಹೊತ್ತಲ್ಲಿ ಎಲ್ಲಿ ಮಾತು ಬೆಳೆಸ್ತೀಯ" ಎಂದರು ನೆರೆಯವರು. ನನ್ನ ಕಾಲು ರೂಢಿಯಂತೆ ಹಿತ್ತಲಿಗೆ ನಡೆಯಿತು. ಆಳನ್ನು ಕರೆದೆ. ಸರಪಳಿ ನಾನೂ ತಡವಿದೆ, ಅವನೂ ತಡವಿದ.

"ಸರಪಳಿ ಚೆನ್ನಾಗಿದೆ ಸ್ವಾಮಿ" ಎಂದ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ನೇತುಹಾಕೋ ತೊಲೆಗೆ ಹುಳ ಹಿಡಿದಿದೆ. ನಾನು ಹೇಳಿದೆ ಅನ್ಬೇಡಿ."

ನಡುಮನೆ ದಾಟಿಕೊಂಡೇ ಹೊರಗೆ ಬರಬೇಕು. ಅಕ್ಕನ ಕೈ ಎದೆಯ ಮೇಲಿತ್ತು. ಆ ತಮಿಳು ಹುಡುಗನ ಹೆಂಡತಿ ಸೀಮೆಎಣ್ಣೆಯ ಬಟ್ಟೆಯಿಂದ ಆ ಅಂಗೈಯನ್ನು ಒರೆಸುತ್ತಿದ್ದಳು. ಗೆರೆಗಳು ಹಾಗೇ ಕಪ್ಪಗಿದ್ದವು.

ಜಗಲಿಗೆ ಬಂದು ಯಜಮಾನನಿಗೆ ಹೇಳಿದೆ: "ಮನೇಲಿ ಸಾವಾಗಿದೆ. ಇವತ್ತು ಸಾಮಾನು ಹೊರಗೆ ಹೋಗಲ್ಲ. ನಾಳೆ ನಾನೇ ತರ್ತೀನಿ, ಎಲ್ಲಿ ನೇತುಹಾಕ್ಬೇಕು ಅಂತ ನಾನೇ ನೋಡ್ತೀನಿ."

ಆತ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದು ಹೋದ. ಅವನ ಹಿಂದೆ ಆಳೂ ಲಾರಿ ಹತ್ತಿದ. ಆಮೇಲೆ ನನ್ನ ಅಂಗಡಿಯ ಜಗಲಿಯಲ್ಲಿ ನಿಂತು ಎಷ್ಟೋ ಸಾಹುಕಾರರಿಗೆ ಅಕ್ಕನ ಹಾಗೆ ಸುಳ್ಳು ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಅವತ್ತು ಮಾತ್ರ ಹೇಳಬೇಕಾಗಿ ಬರಲಿಲ್ಲ.