ಮೂರನೆಯ ತೋಟಾ

ಬೆಳಿಗ್ಗೆ ಆರೂವರೆಗೆ, ಕಾಫಿ ಇಳಿಯುತ್ತಿದ್ದಾಗ, ಗ್ಲೆನ್ ಟ್ಯಾಕೆಟ್ ಹಿತ್ತಿಲ ಬಾಗಿಲ ಸಂದಿಯಿಂದ ರೈಫಲನ್ನು ಹೊರಗೆ ತೆಗೆದ. ಪೊರಕೆ, ರಬ್ಬರ್ ಬೂಟು, ಕೋಳಿ ಕಾಳಿನ ಡಬ್ಬದ ಜೊತೆ ಅದು ಅಲ್ಲೇ ನಿಂತಿರುತ್ತಿತ್ತು. ಗುಂಡು ಕೂರುವ ಕೋಣೆಯನ್ನು ತೆರೆಯುವ ಬೋಲ್ಟನ್ನು ಹಿಂದಕ್ಕೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಕಣ್ಣು ಹಾಯಿಸಿದ. ಖಾಲಿ. ಹಳೆಯ ಟವೆಲ್ಲಿನಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟು ಬಂದು ಕಾಫಿಗೆ ಕೂತ.

ಬೇರೆ ಯಾರಾದರೂ ಆಗಿದ್ದರೆ ಅಷ್ಟು ನೋಡಿದ್ದೇ ಹೆಚ್ಚು ಎನ್ನಬಹುದಿತ್ತು. ಆದರೆ ಪೂರ್ವ ಓಕ್ಲಹೋಮಾದ ಟೈನರ್ಸ್ ಫೋರ್ಡ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ, ಹೊಸದಾಗಿ ಬೇಟೆಗೆ ಹೊರಡುವ ಮಕ್ಕಳಿಗೆ ಬಂದೂಕಿನ ಜೋಪಾನ ಕಲಿಸುವವನು ಗ್ಲೆನ್. ವರ್ಷಕ್ಕೆ ನಾಲ್ಕು ಶನಿವಾರದಂತೆ ಇಪ್ಪತ್ತೇಳು ವರ್ಷ ಕಲಿಸಿದ್ದಾನೆ. ಹೊಟ್ಟೆಪಾಡಿಗೆ ಗ್ಯಾಸ್ ಟ್ಯಾಂಕರ್ ಓಡಿಸುತ್ತಿದ್ದ. ಅದರಿಂದ ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಕ್ಲಾಸಿಗೆ ಸಂಬಳವಿಲ್ಲ. ಕೊಟ್ಟಿರುವುದು ಒಂದು ಕಿತ್ತಳೆ ಬಣ್ಣದ ಟೋಪಿ, ಅದರ ಮುಂಭಾಗದಲ್ಲಿ ಕಪ್ಪು ದಾರದಲ್ಲಿ ಹೊಲಿದ ‘ಬೋಧಕ’ ಎಂಬ ಪದ. ಊರಿನಲ್ಲಿ ನಲವತ್ತರ ಒಳಗಿನ ಬಹುತೇಕ ಎಲ್ಲರೂ ಆ ಟೋಪಿಯ ಮುಂದೆ ಕೂತು ಎದ್ದವರೇ. ಅವನ ಮೊದಲ ಪಾಠ ಯಾವತ್ತೂ ಬದಲಾಗಿಲ್ಲ: "ನೋಡಿದ್ರೆ ಸಾಲದು. ಕಿರುಬೆರಳು ಒಳಗೆ ಹಾಕಿ ಮುಟ್ಟು. ಕೊಳವೆ ಇರೋ ಬಂದೂಕಾದ್ರೆ ಕೊಳವೆನೂ ಹೊರಗೆ ಎಳಿ."

ಆ ರೈಫಲ್ಲಿಗೆ ಕೊಳವೆ ಇತ್ತು. ನಳಿಗೆಯ ಕೆಳಗೆ, ನಳಿಗೆಯಷ್ಟೇ ಉದ್ದ. ತೋಟಾಗಳು ಅದರೊಳಗೆ ಒಂದರ ಹಿಂದೆ ಒಂದು ಮಲಗಿರುತ್ತವೆ, ಸ್ಪ್ರಿಂಗು ಅವನ್ನು ಹಿಂದಕ್ಕೆ ತಳ್ಳುತ್ತದೆ. ಅದು ಎಲ್ಲೋ ನೆಗ್ಗಿ, ತೋಟಾ ಹಾಕುವ ಕಿಂಡಿಯವರೆಗೆ ಮಾತ್ರ ಸರಿಯುತ್ತಿತ್ತು, ಪೂರ್ತಿ ಹೊರಗೆ ಎಳೆಯಲು ಬಾರದೆ ಎರಡು ವರ್ಷವಾಗಿತ್ತು. ತಯಾರಿಸಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಟಲ್ಸಾದ ದೊಡ್ಡ ಬಂದೂಕು ಮೇಳದಲ್ಲಿ ಹಳೆಯ ಬಿಡಿಭಾಗ ಮಾರುವ ಮುದುಕರು ಬರುತ್ತಾರೆ, ಸಿಕ್ಕರೆ ಅಲ್ಲೇ ಸಿಗಬೇಕು ಎಂದು ಎಲ್ಲರೂ ಹೇಳಿದರು. ಅರವತ್ತೆಂಟರ ಗ್ಲೆನ್ ಆ ಮೇಳಕ್ಕೆ ಒಮ್ಮೆಯೂ ಹೋಗಿರಲಿಲ್ಲ.

"ಇಷ್ಟು ವರ್ಷ ಅದೊಂದು ಸಂತೆ ಅಂತ ಮೂಗು ಮುರೀತಿದ್ದೋನು, ಈಗ ಇಸ್ತ್ರಿ ಅಂಗಿ ಬೇರೆ," ಎಂದಳು ಹೆಂಡತಿ ನೋರೀನ್.

"ಚೆನ್ನಾಗಿಲ್ವಾ?"

"ಹಾಕ್ಕೋ ಮುದುಕಪ್ಪಾ. ಅಲ್ಲಿರೋ ಬಂದೂಕೆಲ್ಲ ನಿನ್ನೇ ನೋಡ್ಲಿ."

ಅವನು ಮೊಳೆಗೆ ನೇತಾಡುತ್ತಿದ್ದ ಕಿತ್ತಳೆ ಟೋಪಿಯನ್ನೂ ತೆಗೆದು ತಲೆಗಿಟ್ಟುಕೊಂಡ. ನೋರೀನ್ ಕೈಚೀಲ ಎತ್ತಿಕೊಂಡು ಅವನ ಜೊತೆ ಹೊರಟಳು.

ಒಂದೂವರೆ ಗಂಟೆಯ ದಾರಿ. ಟ್ರಕ್ಕು ನಿಲ್ಲಿಸಿದ ಜಾಗದಿಂದ ಬಾಗಿಲಿಗೆ ಹತ್ತು ನಿಮಿಷ ನಡೆಯಬೇಕಾಯಿತು. ಸಾಲು ಕಟ್ಟಡವನ್ನು ಸುತ್ತಿ ಹಿಂದಿನ ಬೀದಿಗೆ ತಿರುಗಿತ್ತು. ಹೆಗಲಿಗೆ ರೈಫಲ್ ಹಾಕಿಕೊಂಡವರು ನಳಿಗೆಯ ತುದಿಗೆ ಬೆಲೆ ಬರೆದ ಚೀಟಿ ಸಿಕ್ಕಿಸಿದ್ದರು. ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿಯಲ್ಲಿ ನಾಲ್ಕು ಬಂದೂಕು ಮಲಗಿಸಿ, ಮೇಲೆ ಹೊದಿಕೆ ಹೊದಿಸಿ ತಳ್ಳುತ್ತಿದ್ದಳು. ಗ್ಲೆನ್ ಸಾಲಿನುದ್ದಕ್ಕೂ ಎಲ್ಲರ ನಳಿಗೆ ಯಾವ ಕಡೆ ಮುಖ ಮಾಡಿದೆ ಎಂದು ನೋಡುತ್ತಲೇ ಇದ್ದ. ಮುಂದಿದ್ದ ಗಡ್ಡದವನಿಗೆ, "ತುದಿ ಮೇಲಕ್ಕೆ ಇರ್ಲಿ ಸ್ವಾಮಿ," ಎಂದು ಹೇಳಿಯೂ ಬಿಟ್ಟ. ಗಡ್ಡದವನು ಟೋಪಿ ಓದಿ, ನಳಿಗೆಯನ್ನು ಮೇಲೆತ್ತಿದ.

ಬಾಗಿಲಲ್ಲಿ ಉಕ್ಕಿನ ಮೇಜು. ಒಳಗೆ ಹೋಗುವ ಪ್ರತಿ ಬಂದೂಕನ್ನೂ ಅಲ್ಲಿ ತೆರೆದು ನೋಡಿ, ಮತ್ತೆ ಯಾರೂ ಗುಂಡು ತುಂಬಲಾಗದಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಮೇಜಿನ ಹಿಂದೆ ಕೂತಿದ್ದವಳು ಟೈನರ್ಸ್ ಫೋರ್ಡಿನ ಡಾರ್ಲಾ ವೀಟ್ಲಿ. ವಾರವೆಲ್ಲ ಶೆರಿಫ್ ಕಚೇರಿಯಲ್ಲಿ ಪೊಲೀಸ್ ಕೆಲಸ, ಮೇಳದ ಎರಡು ದಿನ ಇಲ್ಲಿ. ಹನ್ನೆರಡನೇ ವಯಸ್ಸಿಗೆ ಗ್ಲೆನ್‌ನ ಮೊದಲನೇ ವರ್ಷದ ಕ್ಲಾಸಿನಲ್ಲಿ ಕೂತವಳು.

"ಅಯ್ಯೋ ದೇವರೇ, ಮಿಸ್ಟರ್ ಟ್ಯಾಕೆಟ್! ಕೊನೆಗೂ ಬಂದ್ರಾ?" ಡಾರ್ಲಾ ಎದ್ದು ನಿಂತು ಕೈ ಕುಲುಕಿದಳು. "ಮುಂದಿನ ಶನಿವಾರ ನನ್ನ ಮಗಳು ನಿಮ್ಮ ಕ್ಲಾಸಿಗೆ ಬರ್ತಿದಾಳೆ, ಗೊತ್ತಾ? ಕಿರುಬೆರಳಿನ ಪಾಠ ಮನೇಲೇ ಹೇಳ್ಕೊಟ್ಟಿದೀನಿ."

"ಹಾಗಾದ್ರೆ ನನಗೆ ಕೆಲಸ ಕಡಿಮೆ ಆಯ್ತು," ಎಂದ ಗ್ಲೆನ್.

"ನಿಮ್ಮದನ್ನ ನೋಡೋದೇನಿದೆ? ಆದ್ರೂ ಕೊಡಿ. ನೀವೇ ತಾನೇ ಹೇಳ್ಕೊಟ್ಟಿದ್ದು."

ಅವಳು ಟವೆಲ್ ಬಿಚ್ಚಿದಳು. ಬೋಲ್ಟು ಎಳೆದಳು, ಖಾಲಿ. ಕೊಳವೆ ಎಳೆಯಲು ನೋಡಿದಳು, ಪೂರ್ತಿ ಬರಲಿಲ್ಲ. ರೈಫಲನ್ನು ನೆಟ್ಟಗೆ ನಿಲ್ಲಿಸಿ, ನಳಿಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಬೋಲ್ಟು ಮುಚ್ಚಿ ಮತ್ತೆ ಎಳೆದಳು. ಹಿತ್ತಾಳೆಯ ಒಂದು ಚಿಕ್ಕ ತೋಟಾ ಚಿಮ್ಮಿ ಉಕ್ಕಿನ ಮೇಜಿನ ಮೇಲೆ ಬಿದ್ದು, ಉರುಳಿಕೊಂಡು ಹೋಗಿ ಅಂಚಿನ ಪಟ್ಟಿಗೆ ತಾಗಿ ನಿಂತಿತು. ಹಾರಿಸದ ತೋಟಾ.

ಅಷ್ಟರಲ್ಲಿ ಗ್ಲೆನ್‌ಗೆ ಅಕ್ಟೋಬರಿನ ಸಂಜೆ ನೆನಪಾಯಿತು. ಕೋಳಿಗೂಡಿನ ಕೆಳಗೆ ಸ್ಕಂಕ್ ಎಂಬ ನಾರುವ ಕಾಡುಪ್ರಾಣಿ ಸೇರಿಕೊಂಡಿತ್ತು. ಅವನು ಮೂರು ತೋಟಾ ತುಂಬಿದ. ಎರಡು ಹೊಡೆದ, ಮೂರನೆಯದು ಬೇಕಾಗಲಿಲ್ಲ. ನೋರೀನ್ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದಳು. ಕ್ಲಾಸಿನಲ್ಲಿ ಬಂದೂಕು ಬೀಗದೊಳಗೇ ಇರಬೇಕು ಎನ್ನುವವನು, ಇದೊಂದನ್ನು ಮಾತ್ರ ಕೋಳಿಗಳ ನೆಪದಲ್ಲಿ ಬಾಗಿಲ ಸಂದಿಯಲ್ಲಿ ಇಟ್ಟುಕೊಂಡಿದ್ದ. ಅಂದಿನಿಂದ ಐದು ತಿಂಗಳು ಅದು ಅಲ್ಲೇ ಇತ್ತು, ಹೊಟ್ಟೆಯಲ್ಲಿ ಒಂದು ತೋಟಾ ಇಟ್ಟುಕೊಂಡು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಒಂಬತ್ತು ಜನ ನೆಂಟರಿದ್ದರು.

ಡಾರ್ಲಾ ತೋಟಾದಿಂದ ಕಣ್ಣೆತ್ತಿ ಅವನನ್ನು ನೋಡಿದಳು. ನಗುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಅವನೇ ಏನಾದರೂ ಹೇಳಲಿ ಎಂದು ಕಾದಂತಿತ್ತು.

"ಅದು ನೋರೀನ್‌ದು," ಎಂದ ಗ್ಲೆನ್. "ಕೋಳಿ ಕಾಯೋಕೆ ಅವಳು ಇಟ್ಕೊಂಡಿರೋದು. ಎಷ್ಟು ಸಲ ಹೇಳಿದೀನಿ, ಕೇಳಲ್ಲ."

ನೋರೀನ್ ಗಂಡನ ಎಡಗಡೆ, ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದಳು. ಅವಳು ಅವನ ಕಡೆ ತಿರುಗಲಿಲ್ಲ.

"ಹೌದು ಡಾರ್ಲಾ," ಎಂದಳು. "ನಂದೇ ತಪ್ಪು. ಮರೆತುಬಿಟ್ಟೆ."

ಮುಂದೆ ತಪಾಸಣೆ ಮುಗಿಸಿ ಪಟ್ಟಿ ಬಿಗಿಸಿಕೊಳ್ಳುತ್ತಿದ್ದ ಗಡ್ಡದವನು ಈಗ ಬಾಯಿ ಬಿಟ್ಟ. "ತುದಿ ಮೇಲಕ್ಕೆ ಇರ್ಲಿ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ ಗುರುಗಳೇ. ಹೆಂಡ್ತಿ ಕೈಗೆ ಇದನ್ನ ಕೊಟ್ಟು ಅವರಿಗೇ ಬೆನ್ನು ತೋರಿಸ್ಕೊಂಡು ಓಡಾಡ್ತೀರಲ್ಲ, ಧೈರ್ಯ ಬೇಕು!"

ಹಿಂದಿನಿಂದ ಇನ್ನೊಬ್ಬ: "ಅಮ್ಮಾ, ಮನೇಲಿ ಊಟಕ್ಕೂ ಉಪ್ಪು ಹಾಕೋದು ಮರೀತೀರಾ?"

ನಗು ಸಾಲಿನುದ್ದಕ್ಕೂ ಹರಡಿತು. ನೋರೀನ್ ಕೂಡ ನಕ್ಕಳು, ಜನರ ನಡುವೆ ಸಿಕ್ಕಿಬಿದ್ದವರು ನಗುವ ಹಾಗೆ. ಡಾರ್ಲಾಗೂ ನಗು ಬಂತು, ಸಮಾಧಾನದ ನಗು. "ಮಿಸೆಸ್ ಟ್ಯಾಕೆಟ್, ನಿಮಗೂ ಒಂದು ಸೀಟು ಬರ್ಕೊಳ್ಳಿಕ್ಕೆ ಹೇಳ್ತೀನಿ. ನನ್ನ ಮಗಳ ಪಕ್ಕದಲ್ಲೇ ಕೂತು ಕಲೀರಿ," ಎಂದು, ತೋಟಾವನ್ನು ಪಕ್ಕದ ಗಾಜಿನ ಜಾಡಿಗೆ ಹಾಕಿದಳು. ಜಾಡಿಯಲ್ಲಿ ಆಗಲೇ ನಾಲ್ಕೈದು ಇದ್ದವು. ರೈಫಲ್ಲಿಗೆ ಹಳದಿ ಪಟ್ಟಿ ಬಿಗಿದು ಗ್ಲೆನ್‌ನ ಕೈಗೆ ಕೊಟ್ಟಳು.

ಒಳಗೆ ಅವನು ನೋಡಿದ್ದೆಷ್ಟೋ, ಕೇಳಿದರೆ ಅವನಿಗೇ ಸರಿಯಾಗಿ ಹೇಳಲು ಬರುವುದಿಲ್ಲ. ಚಾವಣಿಯ ದೀಪಗಳು ಕೊನೆಯೇ ಇಲ್ಲದಂತೆ ಸಾಲಾಗಿದ್ದವು, ಅವುಗಳ ಕೆಳಗೆ ಮೇಜುಗಳು. ಎಣ್ಣೆ ಮತ್ತು ಒಣಮಾಂಸದ ವಾಸನೆ. ನಾಲ್ಕು ಸಾವಿರ ಮೇಜು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಎರಡನೇ ಸಾಲಿನ ಹೊತ್ತಿಗೆ ಟೋಪಿ ತೆಗೆದು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದ. ಅದು ದಪ್ಪ ಟೋಪಿ. ಅರ್ಧ ಹೊರಗೇ ಉಳಿಯಿತು.

ಬಿಡಿಭಾಗದ ಮುದುಕನನ್ನು ಹುಡುಕಿದ್ದು ನೋರೀನ್. ಕಾಫಿ ಡಬ್ಬಗಳ ತುಂಬ ಸ್ಪ್ರಿಂಗು, ಸ್ಕ್ರೂ. ಹಿಂದೆ ಬೊಂಬಿನ ಕಟ್ಟಿನಂತೆ ನಿಲ್ಲಿಸಿದ ಕೊಳವೆಗಳು. ಮುದುಕ ರೈಫಲನ್ನು ಒಮ್ಮೆ ತಿರುಗಿಸಿ ನೋಡಿ, ಕಟ್ಟಿನಿಂದ ಒಂದನ್ನು ಎಳೆದು ಕೊಟ್ಟ.

"ಇದಕ್ಕೆ ಸ್ಪ್ರಿಂಗ್ ಸೋತಿರುತ್ತಮ್ಮ. ಕೊನೇದೊಂದು ಒಳಗೇ ಉಳ್ಕೊಳ್ಳುತ್ತೆ. ಜೋಪಾನ."

"ಗೊತ್ತಾಯ್ತು," ಎಂದಳು ನೋರೀನ್.

"ಈ ಬಂದೂಕು ಇಟ್ಕೊಂಡಿರೋ ಎಲ್ಲರಿಗೂ ಗೊತ್ತಿರೋ ವಿಷಯ ಅದು," ಎಂದ ಮುದುಕ. ಗ್ಲೆನ್ ಪಕ್ಕದ ಮೇಜಿನ ಚಾಕುಗಳನ್ನು ನೋಡುತ್ತಿದ್ದ. ಆ ಮಾತನ್ನು, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಅವನೇ ವರ್ಷಕ್ಕೆ ನಾಲ್ಕು ಸಲ ಹೇಳುತ್ತಾನೆ.

ಮಧ್ಯಾಹ್ನ ಗೋಡೆ ಬದಿಯ ಬೆಂಚಿನಲ್ಲಿ ಕೂತು ಇಬ್ಬರೂ ಕಡ್ಡಿಗೆ ಚುಚ್ಚಿ ಕರಿದ ಕಾರ್ನ್ ಡಾಗ್ ತಿಂದರು. ಗ್ಲೆನ್ ಅರ್ಧಕ್ಕೇ ನಿಲ್ಲಿಸಿದ.

"ನೋರೀನ್."

"ಸಾಸಿವೆ ಸಾಸ್ ಬೇಕಾ?"

"ಅದು ನಾನು ಬಿಟ್ಟಿದ್ದು."

"ಗೊತ್ತು. ಟಾರ್ಚ್ ಹಿಡ್ಕೊಂಡಿದ್ದು ನಾನೇ ಅಲ್ವಾ?"

"ಮತ್ಯಾಕೆ ಹೌದು ಅಂದೆ?"

"ನೀನು ಆಗಲೇ ಹೇಳಿಬಿಟ್ಟಿದ್ದೆ. ಗಂಡ ಒಂದು, ಹೆಂಡ್ತಿ ಒಂದು ಹೇಳ್ತಾ ನಿಂತ್ರೆ ಸಾಲು ಮುಂದೆ ಹೋಗ್ತಿತ್ತಾ?" ಅವಳು ಕಾಗದದಿಂದ ಬೆರಳು ಒರೆಸಿಕೊಂಡಳು. "ನಲವತ್ತೊಂದು ವರ್ಷದಲ್ಲಿ ಆ ಬಂದೂಕನ್ನ ನಾನು ಮುಟ್ಟಿರೋದು ಅದರ ಹಿಂದೆ ಕಸ ಗುಡಿಸೋವಾಗ ಮಾತ್ರ. ಅಷ್ಟಾದ್ರೂ ಅವರಿಗೆ ಹೇಳಬಹುದಿತ್ತು ನೀನು."

"ಹೋಗೋವಾಗ ಡಾರ್ಲಾಗೆ ಹೇಳ್ತೀನಿ."

"ಹೇಳು."

ಹೊರಗೆ ಹೋಗಲು ಅದೇ ಬಾಗಿಲು. ಗ್ಲೆನ್ ಮನಸ್ಸಿನಲ್ಲೇ ಎರಡು ವಾಕ್ಯ ಜೋಡಿಸಿಕೊಂಡು ಬಂದ. ಮೇಜಿನ ಮುಂದೆ ಜನ ಮುತ್ತಿಕೊಂಡಿದ್ದರು. ಡಾರ್ಲಾ ತಲೆಯೆತ್ತಿ, ಅವರ ತಲೆಗಳ ಮೇಲಿಂದ ಕೂಗಿದಳು: "ಮಿಸೆಸ್ ಟ್ಯಾಕೆಟ್! ಕೈಚೀಲದಲ್ಲಿ ಇನ್ನೊಂದು ಉಳಿದಿದೆಯಾ ನೋಡ್ಕೊಳ್ಳಿ!"

ಅಲ್ಲಿದ್ದವರು ನಕ್ಕರು. ಗ್ಲೆನ್ ಕೂಡ ನಕ್ಕ. ತಾನು ನಗುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಬಾಗಿಲು ದಾಟಿಯಾಗಿತ್ತು. ನೋರೀನ್ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಟ್ರಕ್ಕಿನ ಕಡೆ ನಡೆಯುತ್ತಿದ್ದಳು.

ದಾರಿಯುದ್ದಕ್ಕೂ ಅವಳು ಹವಾಮಾನದ ಮಾತಾಡಿದಳು, ಕೋಳಿಗಳ ಮಾತಾಡಿದಳು. ಬಾಗಿಲಿನ ಮಾತು ತೆಗೆಯಲಿಲ್ಲ. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಅವಳ ಜೊತೆ ಮೂವತ್ತು ವರ್ಷದಿಂದ ಹಾಡುವ ಹೆಂಗಸೊಬ್ಬಳು ಎರಡೂ ಕೈ ಮೇಲೆತ್ತಿ, "ಗುಂಡು ಹಾರಿಸಬೇಡ ಕಣೇ, ಶರಣಾದೆ!" ಎಂದಳು. ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ನೋರೀನ್ ಅದಕ್ಕೂ ನಕ್ಕಳು. ಮನೆಗೆ ಬಂದವಳೇ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಊಟದ ಹೊತ್ತಿಗೆ ಹೊರಗೆ ಬಂದಳು.

ಸೋಮವಾರ ಹತ್ತು ಗಂಟೆಗೆ ಗ್ಲೆನ್ ಒಬ್ಬನೇ ಶೆರಿಫ್ ಕಚೇರಿಗೆ ಹೋದ. ಟೋಪಿ ಹಾಕಿರಲಿಲ್ಲ. ಡಾರ್ಲಾ ಕೌಂಟರಿನ ಹಿಂದೆ ಯಾವುದೋ ಅರ್ಜಿ ತುಂಬುತ್ತಿದ್ದಳು.

"ಆ ತೋಟಾ ನೋರೀನ್‌ದಲ್ಲ, ನಂದು," ಎಂದ. "ಅಕ್ಟೋಬರಿನಲ್ಲಿ ಮೂರು ತುಂಬಿದ್ದೆ, ಎರಡು ಹೊಡೆದೆ. ಅವತ್ತೂ ನೋಡ್ಲಿಲ್ಲ, ಮೊನ್ನೆ ಬೆಳಿಗ್ಗೆನೂ ಬೆರಳು ಹಾಕಿ ನೋಡ್ಲಿಲ್ಲ."

ಡಾರ್ಲಾ ಪೆನ್ನು ಕೆಳಗಿಟ್ಟಳು.

"ಒಂದು ತೋಟಾ ಉಳಿಯೋದು ಯಾರಿಗಾದ್ರೂ ಆಗುತ್ತೆ ಮಿಸ್ಟರ್ ಟ್ಯಾಕೆಟ್. ಅದಕ್ಕೇ ತಾನೇ ನಮ್ಮನ್ನ ಬಾಗಿಲಲ್ಲಿ ಕೂರಿಸಿರೋದು. ಆದ್ರೆ ಅವರು ನಿಮ್ಮ ಪಕ್ಕದಲ್ಲೇ ನಿಂತಿದ್ರು."

"ಹೌದು."

"ಅವರನ್ನ ನೋಡಿ ನಾನೂ ನಗಾಡಿದೆ."

ಗ್ಲೆನ್ ಕೌಂಟರಿನ ಮೇಲಿದ್ದ ಕರೆಗಂಟೆಯನ್ನು ನೋಡುತ್ತ ನಿಂತ. ಅವಳು ಅವನಿಗೆ ಕೂರಲು ಹೇಳಲಿಲ್ಲ.

"ಮಕ್ಕಳಿಗೆ ಹೇಳ್ತೀರಾ?" ಎಂದು ಕೇಳಿದಳು.

"ಮೊದಲು ಅದೇ. ನೋರೀನ್ ಮೇಲೆ ಹಾಕಿದ್ದನ್ನೂ ಹೇಳ್ತೀನಿ."

"ಹಾಗಾದ್ರೆ ಮಗಳ ಜೊತೆ ನಾನೂ ಬರ್ತೀನಿ. ಹಿಂದುಗಡೆ ಕೂತಿರ್ತೀನಿ," ಎಂದು ಹೇಳಿ ಅವಳು ಪೆನ್ನು ಎತ್ತಿಕೊಂಡಳು.

ಹೊಸ ಕೊಳವೆ ಕೂತಿದೆ. ಹೊರಗೆ ಎಳೆದರೆ ಸಲೀಸಾಗಿ ಬರುತ್ತದೆ. ರೈಫಲ್ ಈಗ ಬೀಗದ ಕಪಾಟಿನಲ್ಲಿದೆ, ಶನಿವಾರ ಗ್ಲೆನ್ ಅದನ್ನೇ ಅಗ್ನಿಶಾಮಕ ಠಾಣೆಗೆ ಒಯ್ಯುತ್ತಾನೆ. ಕ್ಲಾಸು ಬೆಳಿಗ್ಗೆ ಒಂಬತ್ತಕ್ಕೆ, ಹೆಸರು ಕೊಟ್ಟವರು ಹತ್ತೊಂಬತ್ತು ಮಕ್ಕಳು. ಇಷ್ಟೂ ವರ್ಷ ಅವರ ಮಧ್ಯಾಹ್ನದ ಸ್ಯಾಂಡ್‌ವಿಚ್ ಮಾಡಿಕೊಂಡು ಬಂದವಳು ನೋರೀನ್. ಈ ಸಲ ಅಂಗಡಿಯಿಂದ ತರಿಸಿಕೋ ಎಂದಿದ್ದಾಳೆ, ಮೊದಲ ಸಾಲಿನಲ್ಲಿ ತನಗೊಂದು ಕುರ್ಚಿ ಹಾಕಿಸಲು ಹೇಳಿದ್ದಾಳೆ.