ಕತ್ತೆಯನ್ನು ಕೂಡಿಸಿದ ಶಾಂತಕ್ಕ

ಶಾಂತಕ್ಕ ಮಕ್ಕಳಿಗೆ ಕಥೆ ಓದುವುದನ್ನು ದೂರದಿಂದ ಕೇಳಿದವರು ಜಗಳ ಬಿಡಿಸಲು ಓಡಿ ಬರಬೇಕು, ಹಾಗಿತ್ತು ಅವಳ ಗಂಟಲು. ಹುಲಿ ಬಂದರೆ ಹುಲಿಯನ್ನು ಬೈಯುವಳು, ರಾಜ ಬಂದರೆ ರಾಜನನ್ನೂ ಬಿಡಳು. ನಮ್ಮೂರು ಕಿಣ್ಣಿ ಸುಲ್ತಾನದ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಅವಳದು. ನಾನು ಪಕ್ಕದ ಶಾಲೆಯ ಟೀಚರ್. "ಸ್ವಲ್ಪ ಸಾವಕಾಶ ಓದಕ್ಕ, ನನ್ನ ಗಣಿತ ಹಾಳಾಗಾಕತ್ತದ" ಎಂದು ಕಿಟಕಿಯಿಂದ ಕೂಗಿದರೆ, "ಗಪ್ಪ ಕುಂಡ್ರೂದು ಗೋರ್ಯಾಗ ಇದ್ದದ್ದೇ ಅದ ಟೀಚರ್, ಈಗರೆ ಬಾಯಿ ಬಿಚ್ಚಲಿ ಬಿಡ್ರಿ" ಎನ್ನುವಳು. ಮಾತಿಗೆ ಮಾತು ಕೊಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಒಂದನೇ ತರಗತಿಯ ಮಲ್ಲು ಜ್ವರ ಬಂದು ತೀರಿಕೊಂಡ. ಅವನೂ ಪಕ್ಕದ ಮನೆಯ ಗಂಗಿಯೂ ಒಂದೇ ಜೀವ, ಒಂದೇ ರೊಟ್ಟಿ ಹರಿದು ತಿನ್ನುವರು. ಮಣ್ಣು ಮಾಡುವ ದಿನ ಗಂಗಿಯನ್ನು ಯಾರದೋ ಮನೆಯೊಳಗೆ ಕೂಡಿಹಾಕಿ ಚಿಲಕ ಬಿಗಿದರು. "ಮಲ್ಲು ಹಿರೋಳ್ಳಿಗಿ, ಅವರ ಮಾವನ ಊರಿಗಿ ಹೋಗ್ಯಾನ, ಬರ್ತಾನ" ಎಂದು ಅವಳ ಅಜ್ಜ, ಊರಿನ ಗೌಡ ಶರಣಪ್ಪ ಹೇಳಿದ. ಊರಿಗೆ ಊರೇ ಅದನ್ನೇ ಹೇಳಿತು. ಹುಡುಗಿ ಶಾಲೆ ಬಿಟ್ಟೊಡನೆ ಬಸ್ ಸ್ಟಾಪಿನ ಕಟ್ಟೆಗೆ ಹೋಗಿ ಕೂರತೊಡಗಿತು. ಬಸ್ಸಿನಿಂದ ಇಳಿದವರ ಮುಖ ನೋಡುವುದು, ಮತ್ತೆ ಕೂರುವುದು. ಕತ್ತಲಾದ ಮೇಲೆ ಯಾರಾದರೂ ಎತ್ತಿಕೊಂಡು ಹೋಗಬೇಕು. ನೋಡಿ ನೋಡಿ ಶಾಂತಕ್ಕನಿಗೆ ಮೈ ಉರಿಯುತ್ತಿತ್ತು. "ಸತ್ತದ್ದು ಹೇಳಾಕ ಎಲ್ಲಾರೂ ಅಂಜ್ತಾರ, ಸುಳ್ಳ ಹೇಳಾಕ ಒಬ್ಬರೂ ಅಂಜಂಗಿಲ್ಲ ನೋಡ್ರಿ" ಎಂದು ನನ್ನ ಮೇಲೆಯೇ ಹರಿಹಾಯ್ದಳು.

ಅಷ್ಟರಲ್ಲಿ ಗ್ರಂಥಾಲಯಕ್ಕೆ ಮಕ್ಕಳ ಚಿತ್ರಪುಸ್ತಕಗಳ ಗಂಟು ಬಂತು. ಅದರಲ್ಲೊಂದು ಕತ್ತೆ ಮತ್ತು ಮೈನಾ ಹಕ್ಕಿಯ ಗೆಳೆತನದ ಕಥೆ. ಕೊನೆಗೆ ಕತ್ತೆ ಸಾಯುತ್ತದೆ. ಚಿತ್ರದಲ್ಲಿ ಮರದ ಕೆಳಗೆ ಮಲಗಿದ ಕತ್ತೆ, ಪಕ್ಕದಲ್ಲಿ ಒಂಟಿ ಮೈನಾ. ಶಾಂತಕ್ಕ ಬಸ್ ಸ್ಟಾಪಿನಿಂದ ಗಂಗಿಯನ್ನೂ ಎಳೆದು ತಂದು, ಎಲ್ಲರೆದುರು ಕೊನೆಯ ಪುಟದವರೆಗೆ ಓದಿದಳು. ಮಕ್ಕಳು ಒಪ್ಪಲೇ ಇಲ್ಲ.

"ಇದು ಸತ್ತಿಲ್ಲ ಯಕ್ಕಾ, ಮಲಗೇದ."

"ಸತ್ತಾರಂದ್ರ ಕುಂಡ್ರಸ್ತಾರ!"

ಸರಿಯೇ ತಾನೆ? ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಮಣ್ಣಿನೊಳಗೂ ಕೂತೇ ಇರುತ್ತಾರೆ. ಚಿತ್ರ ಬರೆದವರಿಗೆ ಇದೆಲ್ಲ ಏನು ಗೊತ್ತು! "ಹಂಗಾರ ನೀವೇ ಕುಂಡ್ರಸ್ರಿ" ಎಂದು ಶಾಂತಕ್ಕ ಹಾಳೆ, ಬಣ್ಣದ ಕಡ್ಡಿ ಕೊಟ್ಟಳು. ಮಕ್ಕಳು ಚಕ್ಕಳಮಕ್ಕಳ ಹಾಕಿದ ಕತ್ತೆಯನ್ನು ಬರೆದು, ಹಣೆಗೆ ವಿಭೂತಿ ಎಳೆದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಮಲಗಿದ ಕತ್ತೆಯ ಮೇಲೆ ಅಂಟಿಸಿದರು. ಕಿವಿಗಳು ಮಾತ್ರ ಪುಟ ದಾಟಿ ಹೊರಗೆ ಬಂದಿದ್ದವು.

ಗಂಗಿ ಬಹಳ ಹೊತ್ತು ಅದನ್ನೇ ನೋಡಿ, "ಮಲ್ಲೂಗೂ ಹಿಂಗ ಕುಂಡ್ರಸ್ಯಾರೇನು?" ಎಂದು ಕೇಳಿತು.

"ಹೌದವ್ವ. ಮಲ್ಲು ಸತ್ತಾನ. ಹಿರೋಳ್ಳಿಗಿ ಹೋಗಿಲ್ಲ. ಬಸ್ಸಿನ್ಯಾಗ ಬರಂಗಿಲ್ಲ" ಎಂದಳು ಶಾಂತಕ್ಕ. ಹುಡುಗಿ ಹೋ ಎಂದು ಅತ್ತಿತು. ಸುಮ್ಮನಿರು ಎನ್ನದೆ ಶಾಂತಕ್ಕ ತಾನೂ ಜೊತೆಗೆ ಅತ್ತಳು, ಅದೂ ಓಣಿಗೆಲ್ಲ ಕೇಳುವ ಹಾಗೆ.

ಮರುದಿನ ಶರಣಪ್ಪ ಗ್ರಂಥಾಲಯದ ಬಾಗಿಲಿಗೆ ನುಗ್ಗಿ ಬಂದ. "ಕತ್ತಿಗಿ ವಿಭೂತಿ ಹಚ್ಚಿಸೀಯೇನಬೇ? ಕೂಸಿನ ಎದಿ ಒಡದೀಯಲ್ಲ! ಆ ಹಾಳಿ ಹರಿದು ಒಗಿ."

"ದಿನಾ ಕುಂತು ಬಸ್ಸಿಗಿ ಕಾಯ್ತಿತ್ತಲ್ರಿ ಗೌಡ್ರ, ಅವಾಗ ಎದಿ ಗಟ್ಟಿ ಇತ್ತೇನ್ರಿ?" ಶಾಂತಕ್ಕ ಪುಸ್ತಕವನ್ನು ಅವುಚಿಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಬೇಕಾದ್ರ ನನ್ನ ನೌಕರಿ ತಗೀರಿ. ಹಾಳಿ ಮಾತ್ರ ತಗಿಯಾಕ ಬಿಡಂಗಿಲ್ಲ."

ಪಂಚಾಯ್ತಿಯಲ್ಲಿ ದೊಡ್ಡ ಗದ್ದಲವಾಯಿತು, ಹಾಳೆ ಉಳಿಯಿತು. ಗಂಗಿ ಬಸ್ ಸ್ಟಾಪಿಗೆ ಹೋಗುವುದನ್ನು ಬಿಟ್ಟು, ಮಲ್ಲುವಿನ ತಾಯಿಯ ಸೆರಗು ಹಿಡಿದು ಅವನ ಗೋರಿಗೆ ಹೋಗಿ ಬಂತು.

ಹೋದ ತಿಂಗಳು ಎದೆನೋವೆಂದು ಮಲಗಿದ ಶಾಂತಕ್ಕ ಏಳಲಿಲ್ಲ. ಅವಳ ಮನೆಯ ಅಂಗಳದಲ್ಲಿ ಭಜನೆ ನಡೆದಿತ್ತು. ಒಳಗೆ ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಅವಳು ಗಪ್ಪಾಗಿ ಕೂತಿದ್ದಳು. ಆ ಗಪ್ಪನ್ನೇ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ಶರಣಪ್ಪ ಮಕ್ಕಳನ್ನು ಓಡಿಸುತ್ತಿದ್ದ. "ಹೋಗ್ರಿ ಮನಿಗಿ. ಅಕ್ಕ ಕಲಬುರಗಿ ದವಾಖಾನಿಗಿ ಹೋಗ್ಯಾಳ, ಬರ್ತಾಳ." ಮತ್ತದೇ ಸುಳ್ಳು!

ಈಗ ಮೂರನೇ ತರಗತಿಯಲ್ಲಿರುವ ಗಂಗಿ ಮುಂದೆ ಬಂದಳು. ಕಂಕುಳಲ್ಲಿ ಅದೇ ಪುಸ್ತಕ. "ಸರಿ ಮುತ್ಯಾ. ಈ ಸಲ ನಾ ಬಸ್ಸಿಗಿ ಕಾಯಂಗಿಲ್ಲ" ಎಂದವಳೇ ಅಜ್ಜನ ತೋಳಿನ ಕೆಳಗೆ ನುಸುಳಿ ಒಳಗೆ ಹೋದಳು. ಶಾಂತಕ್ಕನ ಎದುರು ಕೂತು, ಮೊದಲ ಪುಟ ತೆರೆದು ಓದತೊಡಗಿದಳು. ಭಜನೆಯವರು ತಾಳ ನಿಲ್ಲಿಸಿದರು. "ಏ, ಗಪ್ಪ ಕುಂಡ್ರು" ಎಂದರು ಯಾರೋ. ಗಂಗಿ ದನಿಯನ್ನು ಇನ್ನಷ್ಟು ಏರಿಸಿದಳು. ಹಾದಿಯಲ್ಲಿ ಹೋಗುತ್ತಿದ್ದವರು ಜಗಳವೆಂದುಕೊಂಡು ಒಳಗೆ ಇಣುಕಿದರು.