ನಮ್ಮ ಮೇಡಂ ಅವರ ಪೇಪರನ್ನು ಯಾರು ಓದಿದರು?

ನನಗೆ ಬೇರೆಯವರ ದನಿ ತೆಗೆಯುವ ಚಟವಿದೆ. ಗೋಕಾಕ ಸ್ಟ್ಯಾಂಡಿನ ಕಂಡಕ್ಟರು, ನಮ್ಮ ಕನ್ನಡ ಮಾಸ್ತರು, ಮೂಗಿನಲ್ಲೇ ಮಾತಾಡುವ ನಮ್ಮ ಕಾಕಾ, ಯಾರೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡಿಲ್ಲ. ನಿನ್ನ ಸ್ವಂತ ದನಿ ಯಾವುದು ಎಂದರೆ ಮಾತ್ರ ತಡವರಿಸುತ್ತೇನೆ. ಇಂಥವನಿಗೆ ಸಿಕ್ಕ ಮೊದಲ ನೌಕರಿಯೂ ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳುವುದೇ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸುರಿಯರ ಆರೋಗ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಮೇಡಂ ಒಬ್ಬರ ಕೈಕೆಳಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಫಾರಂ ತುಂಬುತ್ತ ಅಲೆಯುತ್ತಿದ್ದೆ.

ಮೇಡಂ ಮೈಸೂರು ಕಡೆಯವರು. ಏನು ಹೇಳಿದರೂ ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಅದಕ್ಕೆ ರೆಫರೆನ್ಸ್ ಎಲ್ಲಿದೆಯಪ್ಪಾ?" ಎನ್ನುವರು. ಚಹಾ ಚೆನ್ನಾಗಿದೆ ಎಂದರೂ ಅದೇ ಪ್ರಶ್ನೆ. ಇದನ್ನೊಮ್ಮೆ ಜೀಪಿನ ಡ್ರೈವರನಿಗೆ ಮಾಡಿ ತೋರಿಸುತ್ತಿದ್ದಾಗ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಕನ್ನಡಕ ಇನ್ನೂ ಸ್ವಲ್ಪ ಕೆಳಗೆ," ಎಂದು ತಿದ್ದಿ ಹೋದರು. ಅಂದಿನಿಂದ ಅವರಿಗಾಗಿ ಎಷ್ಟು ಬೇಕಾದರೂ ಅಲೆಯಲು ಸಿದ್ಧನಾದೆ.

ವಿದ್ವಾಂಸರ ತೂಕ ತಿಳಿಯುವ ಬಗೆಯನ್ನು ಹೇಳಿಕೊಟ್ಟವರೂ ಅವರೇ. ಎಷ್ಟು ಪೇಪರು ಬರೆದರು ಎನ್ನುವುದೊಂದು. ಅವನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಎಷ್ಟು ಸಲ ಹೆಸರಿಸಿದರು ಎನ್ನುವುದು ಇನ್ನೊಂದು. ಬೆನ್ನ ಹಿಂದೆ ಹೆಸರೆತ್ತುವುದಕ್ಕೆ ನಮ್ಮೂರಲ್ಲಿ ಚಾಡಿ ಎನ್ನುತ್ತಾರೆ, ಅವರಲ್ಲಿ ಸೈಟೇಶನ್. ಹಾಗೆ ನೋಡಿದರೆ ಈ ವಿದ್ಯೆಯಲ್ಲಿ ನಮ್ಮವರೇನು ಕಮ್ಮಿಯಲ್ಲ. ನಳದ ಹತ್ತಿರ ನಿಂತು ಕೇಳಿ: "ಇದು ನಾ ಹೇಳಿದ್ದಲ್ಲವಾ, ಕಲ್ಲೋಳಿ ಸುಂದ್ರವ್ವ ಹೇಳಿದ್ದು. ಆಕಿಗಿ ಆಕಿ ಬೀಗ್ತಿ ಹೇಳ್ಯಾಳಂತ." ಭಜನೆಯವನೂ ಅಷ್ಟೇ, ಪದ ಮರೆತರೂ ಕೊನೆಯ ಅಂಕಿತಕ್ಕೆ ದನಿ ಏರಿಸಿಯೇ ಏರಿಸುತ್ತಾನೆ.

ಮೇಡಂ ಅವರ ನೌಕರಿ ಕಾಯಂ ಆಗಬೇಕಾದರೆ ನಮ್ಮ ಹಳ್ಳಿಗಳ ಬಸುರಿಯರ ಮೇಲೆ ಅವರು ಬರೆದ ಪೇಪರು ಅಚ್ಚಾಗಬೇಕಿತ್ತು. ಸಂಶೋಧನಾ ಪತ್ರಿಕೆಯವರಿಂದ ಕಾಗದ ಬಂತು: ಚೊಚ್ಚಲ ಬಸುರಿಯರೆಲ್ಲ ಎಂಟನೆಯ ತಿಂಗಳಿಗೆ ಎಲ್ಲಿ ಮಾಯವಾದರು? ತಿಂಗಳೊಳಗೆ ಉತ್ತರ ಕೊಡದಿದ್ದರೆ ಪೇಪರು ವಾಪಸು. ಮೇಡಂ ಫಾರಂಗಳ ಕಟ್ಟು ಬಿಚ್ಚಿದರು. ಒಂದೊಂದರ ಮೇಲೂ ನನ್ನ ದುಂಡು ಅಕ್ಷರ: 'ಊರಲ್ಲಿಲ್ಲ.'

"ಎಲ್ಲಿಗೆ ಹೋದರಪ್ಪಾ ಇವರೆಲ್ಲ?"

"ತವರಿಗ್ರಿ ಮೇಡಂ. ಏಳನೇ ತಿಂಗಳದಾಗ ಉಡಿ ತುಂಬಿ, ಕುಬಸಾ ಮಾಡಿ ಕಳಿಸ್ತಾರಲ್ರಿ."

"ಮತ್ತೆ ಯಾಕೆ ಬರೀಲಿಲ್ಲ?"

"ಎಲ್ಲಾರಿಗೂ ಗೊತ್ತಿದ್ದದ್ದನ್ನ ಏನ್ ಬರೀಬೇಕ್ರಿ?"

"ನನಗೂ ಗೊತ್ತು. ಪೇಪರಿಗೆ ಗೊತ್ತಿಲ್ಲ," ಎಂದರು. ಕನ್ನಡಕ ಮೂಗಿನ ತುದಿಗೇ ಇತ್ತು. ಆದರೆ ಆ ದನಿಯನ್ನು ತೆಗೆಯುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮರುದಿನ ಬೆಳಗಿನಿಂದ ತವರುಮನೆಗಳ ಹುಡುಕಾಟ. ಹುಕ್ಕೇರಿಯ ಸೊಸೆ ಕಲ್ಲೋಳಿಯಲ್ಲಿ, ಮಮದಾಪುರದವಳು ನಿಡಸೋಸಿಯಲ್ಲಿ. ಹೆಣ್ಣು ಕೊಟ್ಟು ತರುವಾಗ ನಮ್ಮವರು ಬಸ್ಸಿನ ವೇಳೆ ನೋಡಿರುವುದಿಲ್ಲ. ಕಲ್ಲೋಳಿಯ ತಾಯಿಯೊಬ್ಬಳು ಬಾಗಿಲಲ್ಲೇ ತಡೆದಳು: "ನಮ್ಮ ಮಗಳನ್ನ ನಾವು ಕರಕೊಂಡ ಬಂದೇವೋ ತಮ್ಮಾ, ಕದ್ದ ತಂದಿಲ್ಲ. ಪೊಲೀಸನಂಗ ಯಾಕ ಕೇಳಾಕತ್ತಿ?" ಆಕೆಗೆ ಕಂಡಕ್ಟರನ ದನಿ ತೆಗೆದು ತೋರಿಸಿದ ಮೇಲೆಯೇ ನನಗೆ ಚಹಾ, ಫಾರಮ್ಮಿಗೆ ಉತ್ತರ ಸಿಕ್ಕಿದ್ದು.

ಸಿಕ್ಕ ಉತ್ತರ ಮನೆಮನೆಯಲ್ಲೂ ಒಂದೇ. ಕಳಿಸುವಾಗ ಉಡಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಎಲ್ಲ ಬಂದಿವೆ. ದವಾಖಾನೆಯ ಕಾರ್ಡು ಮಾತ್ರ ಗಂಡನ ಮನೆಯ ಗೋಡೆಗೂಡಿನಲ್ಲೇ ಉಳಿದಿದೆ. ತವರಿನ ನರ್ಸಮ್ಮನಿಗೆ ಯಾವ ಗುಳಿಗೆ, ಯಾವ ಸೂಜಿ ಆಗಿದೆ ಎನ್ನುವುದೇ ಗೊತ್ತಿಲ್ಲ. ಮೇಡಂ ಅದನ್ನೇ ಪೇಪರಿನ ನಡುಮನೆಗೆ ತಂದು ಕೂಡಿಸಿದರು. ಪೇಪರು ಅಚ್ಚಾಯಿತು, ನೌಕರಿ ಕಾಯಂ ಆಯಿತು. ಕಾರ್ಡನ್ನೂ ಜೊತೆಗೆ ಕಳಿಸಿರೆಂದು ನಾವು ಓಣಿ ಓಣಿ ಸಾರಿ ಬಂದೆವು.

ಆದರೆ ಸೈಟೇಶನ್? ಕೆಲವು ವರ್ಷ ಕಳೆದು, ಕಂಪ್ಯೂಟರಿನಲ್ಲಿ ನೋಡಿದ ಮೇಡಂ ಫೋನಿನಲ್ಲಿ ತಿಳಿಸಿದರು: ಐದು. ಅದರಲ್ಲಿ ಮೂರು ಸಲ ಅವರದನ್ನು ಅವರೇ ಹೆಸರಿಸಿಕೊಂಡಿದ್ದರು. ಇನ್ನೊಬ್ಬರು ಪಟ್ಟಿ ಉದ್ದವಾಗಲೆಂದು, ಮತ್ತೊಬ್ಬರು ಓದಿ ಜಗಳಕ್ಕೆಂದು ಹೆಸರಿಸಿದ್ದರು. "ಒಬ್ಬರಾದರೂ ಓದಿದರಲ್ಲಪ್ಪಾ," ಎಂದು ನಕ್ಕರು. ಆ ನಗು ನನಗೆ ಸೇರಲಿಲ್ಲ.

ಮುಂದಿನ ತಿಂಗಳು ಹುಕ್ಕೇರಿಯಲ್ಲಿ ಗೆಳೆಯನ ಹೆಂಡತಿಯ ಕುಬಸಕ್ಕೆ ಹೋಗಿದ್ದೆ. ಅವನ ಅಜ್ಜಿ ಆಕೆಯ ಉಡಿಗೆ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು. ಆಮೇಲೆ ಗೋಡೆಗೂಡಿನಿಂದ ಕಾರ್ಡು ತೆಗೆದು, ಅರಿಷಿಣ ಕುಂಕುಮ ಹಚ್ಚಿ, ಖಣದ ಮೇಲಿಟ್ಟಳು.

ನಾನು ಮುಂದೆ ಬಾಗಿ ಕೇಳಿದೆ: "ಅಜ್ಜಿ, ಕಾರ್ಡ ಇಡಾಕ ಯಾರ ಹೇಳ್ಯಾರ?"

"ಯಾರ ಹೇಳಬೇಕೋ ಖೋಡಿ? ಮೊದಲಿಂದ ಹಿಂಗ ಐತಿ. ಎಲ್ಲಾರಿಗೂ ಗೊತ್ತಿದ್ದದ್ದ!"

ಊಟ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿ, ಅಜ್ಜಿಯ ದನಿಯಲ್ಲೇ ಮೇಡಂಗೆ ಒಪ್ಪಿಸಿದೆ. ರೆಫರೆನ್ಸ್ ಕೇಳುತ್ತಾರೇನೋ ಎಂದು ಕಾದೆ.

"ಆರು," ಎಂದರು ಮೇಡಂ.